ಇರೋ ಮನೆಯಲ್ಲೇ ಇದ್ದುಕೊಂಡು ಮನೆ ಬೆಳೆಸುವುದು: ಹೇಗೆ ಸಂಭಾಳಿಸಿದಿರಿ?

ಪ್ರಶ್ನೆ, ವಿಜಯಪುರದಿಂದ:
ನಮ್ಮದು ಹಳೇ ಮನೆ. ಪಡಸಾಲೆ, ಎರಡು ರೂಮು, ಸಣ್ಣ ಅಡುಗೆಮನೆ. ಬಚ್ಚಲು ಹಿತ್ತಲಲ್ಲಿದೆ. ಮಾವನವರಿಗೆ ಮೊಣಕಾಲು ನೋವು, ರಾತ್ರಿ ಹೊತ್ತು ಅಷ್ಟು ದೂರ ನಡೆಯೋದು ಕಷ್ಟ. ಹಿಂದೆ ಒಂದು ರೂಮು, ಅದಕ್ಕೆ ಹೊಂದಿಕೊಂಡು ಬಚ್ಚಲು, ಅಡುಗೆಮನೆ ಸ್ವಲ್ಪ ದೊಡ್ಡದು ಮಾಡಬೇಕು ಅಂತಿದ್ದೇವೆ. ದುಡ್ಡು ಉಳಿದರೆ ಮೇಲೆ ಒಂದು ರೂಮು. ಮಗಳು ಈ ವರ್ಷ ಹತ್ತನೇ ಕ್ಲಾಸು. ಬಾಡಿಗೆ ಮನೆಗೆ ಹೋಗಬೇಕಾ, ಇಲ್ಲೇ ಇದ್ದು ಕಟ್ಟಿಸಬಹುದಾ? ಖರ್ಚು ಕೈ ಮೀರದ ಹಾಗೆ ಹೇಗೆ ನೋಡಿಕೊಂಡಿರಿ? ಕಟ್ಟಿಸಿದವರು ದಯವಿಟ್ಟು ಹೇಳಿ.

ಬಾಗಲಕೋಟೆ ನವನಗರದಿಂದ:
ಅಕ್ಕಾರೆ, ನಕ್ಷೆಗಿಂತ ಮೊದಲು ಮಣ್ಣು ನೋಡಿ. ನಿಮ್ಮಲ್ಲೂ ನಮ್ಮಲ್ಲೂ ಬಹಳ ಕಡೆ ಎರೆ ಮಣ್ಣು. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹಳೇ ಮನೆ ಇಷ್ಟು ವರ್ಷದಲ್ಲಿ ಕೂರುವಷ್ಟು ಕೂತಿರುತ್ತದೆ. ಹೊಸ ರೂಮು ಕಟ್ಟಿದ ಮೇಲೆ ಕೂರಲು ಶುರು ಮಾಡುತ್ತದೆ. ಎರಡನ್ನೂ ಒಂದೇ ಗೋಡೆಯಲ್ಲಿ ಕಚ್ಚಿಸಿಬಿಟ್ಟರೆ ಕೂಡುವ ಜಾಗದಲ್ಲಿ ಮೇಲಿಂದ ಕೆಳಗೆ ಸೀಳು ಬರೋದು ಗ್ಯಾರಂಟಿ. ಹೊಸದಕ್ಕೆ ಅದರದೇ ಪಾಯ, ಅದರದೇ ಕಾಲಂ ಇರಲಿ. ಹಳೇದಕ್ಕೂ ಹೊಸದಕ್ಕೂ ನಡುವೆ ಸಣ್ಣ ಸಂದು ಬಿಟ್ಟು, ಮೆತ್ತಗಿನ ಸಾಮಾನು ತುಂಬಿ, ಮೇಲೆ ಪಟ್ಟಿ ಹೊಡೆಸಿದರೆ ಆಯಿತು. ನೋಡೋಕೆ ಅಷ್ಟು ಚೆಂದ ಕಾಣಲ್ಲ, ಆದರೆ ಪ್ರತಿ ವರ್ಷ ಗಿಲಾವು (ಪ್ಲಾಸ್ಟರ್) ಕೆತ್ತಿ ತೇಪೆ ಹಾಕೋದು ತಪ್ಪುತ್ತದೆ.

ನಮ್ಮ ಅಂದಾಜು ಪಟ್ಟಿ ಮೊದಲು ಹರಿದಿದ್ದೇ ಇಲ್ಲಿ. ಅದರಲ್ಲಿ ನಾಲ್ಕು ಅಡಿ ಪಾಯ ಅಂತಿತ್ತು, ಗಟ್ಟಿ ಗರಸು ಮಣ್ಣು ಸಿಕ್ಕಿದ್ದು ಏಳು ಅಡಿಗೆ. ಹಿತ್ತಲಿಗೆ ಜೆಸಿಬಿ ಹೋಗಲ್ಲ, ಆಳು ಹಚ್ಚಿ ಅಗೆಸಬೇಕು. ತೆಗೆದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಪಡಸಾಲೆ ಮೂಲಕವೇ ಹೊರಗೆ ಹಾಕಬೇಕು. ಅದಕ್ಕೇ ಹೇಳೋದು, ರೇಟು ಮಾತಾಡುವ ಮುಂಚೆ ಹಿತ್ತಲಲ್ಲಿ ಒಂದು ಗುಂಡಿ ತೆಗೆಸಿ. ಎರಡು ಆಳಿನ ಪಗಾರ ಹೋಗುತ್ತದೆ, ಅಷ್ಟೇ.

ಇನ್ನು ಗುತ್ತಿಗೆ. ಸಾಮಾನು ಸಹಿತ ಚದರ ಅಡಿಗೆ ಇಷ್ಟು ಅನ್ನುತ್ತಾರೆ. ಆ "ಇಷ್ಟು" ಒಳಗೆ ಏನೇನಿದೆ ಅಂತ ಕೇಳಿ ಬರೆಸಿಕೊಳ್ಳಿ. ಪಾಯ ಆಳವಾದರೆ ಯಾರ ಲೆಕ್ಕ? ಹಳೇ ಗೋಡೆ ಒಡೆದ ಕಲ್ಲುಮಣ್ಣು ಸಾಗಿಸೋದು? ಮೆಟ್ಟಿಲು, ಛಜ್ಜಾ, ಮೇಲಿನ ಪ್ಯಾರಾಪೆಟ್ ಗೋಡೆ, ನೀರಿನ ಟ್ಯಾಂಕಿನ ಕಟ್ಟೆ? ಜಗಳ ಬರೋದು ಇಂಥವುಗಳಿಂದಲೇ, ಇಟ್ಟಂಗಿ ಸಿಮೆಂಟಿನಿಂದ ಅಲ್ಲ. ಬರೀ ಮಜೂರಿ ಗುತ್ತಿಗೆ ಕೊಟ್ಟು ಸಾಮಾನು ನೀವೇ ತಂದರೆ ದುಡ್ಡು ಉಳಿಯುತ್ತದೆ ನಿಜ. ಆದರೆ ಮನೆಯಲ್ಲಿ ಒಬ್ಬರು ಹಗಲೆಲ್ಲ ಅದಕ್ಕೇ ನಿಲ್ಲಬೇಕು. ಇಬ್ಬರೂ ನೌಕರಿ ಮಾಡುವವರಾದರೆ ಅದರ ಆಸೆ ಬಿಡಿ.

ಸಾಮಾನು ತರುವವರಿಗೆ ಎರಡು ಮಾತು. ಉಸುಕು, ಖಡಿ (ಜಲ್ಲಿ) ಬ್ರಾಸಿನ ಲೆಕ್ಕದಲ್ಲಿ ಬರುತ್ತವೆ. ಒಂದು ಬ್ರಾಸು ಅಂದರೆ 100 ಘನ ಅಡಿ. ಟ್ರಾಲಿಯ ಉದ್ದ, ಅಗಲ, ತುಂಬಿದ ಎತ್ತರ ಅಡಿಯಲ್ಲಿ ಗುಣಿಸಿ 100ರಿಂದ ಭಾಗಿಸಿ. ಅವರ ಎದುರೇ ಟೇಪು ಹಿಡಿಯಿರಿ, ಸಂಕೋಚ ಬೇಡ. ಹಸಿ ಉಸುಕು ಇದ್ದಾಗ ಇನ್ನೂ ಹುಷಾರು. ಸ್ವಲ್ಪ ತೇವ ಇದ್ದರೂ ಉಸುಕು ಉಬ್ಬಿಕೊಂಡು ಕಾಲು ಭಾಗದಷ್ಟು ಜಾಸ್ತಿ ಕಾಣುತ್ತದೆ, ಆ ಗಾಳಿಗೂ ನೀವೇ ದುಡ್ಡು ಕೊಡುತ್ತೀರಿ. ರಾಡನ್ನು ಎಣಿಸಿ ತರಬೇಡಿ, ತೂಗಿಸಿ ತನ್ನಿ. 12 ಎಂಎಂ ರಾಡು 12 ಮೀಟರ್ ಉದ್ದದ್ದು ಸುಮಾರು 10.6 ಕೆ.ಜಿ. ಬರಬೇಕು. ಒಂಬತ್ತೂವರೆ ಬಂದರೆ ಗಾಡಿ ಹಾಗೇ ವಾಪಸ್ ಕಳಿಸಿ. ಮತ್ತೆ, 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ಹಿಂದಿನ ಎಸ್ಟಿಮೇಟ್ ಹಿಡಿದುಕೊಂಡು ಬಂದರೆ ಹೊಸದು ಮಾಡಿಸಿ.

ಬೆಳಗಾವಿ ಶಹಾಪುರದಿಂದ:
ನಾನು ಖರ್ಚಿನ ಬಗ್ಗೆ ಹೇಳಲ್ಲ, ಸಂಸಾರದ ಬಗ್ಗೆ ಹೇಳುತ್ತೇನೆ. ಮನೆಯಲ್ಲಿ ವಯಸ್ಸಾದವರು ಇದ್ದಾರೆ ಅಂದಿರಲ್ವಾ? ಹಾಗಾದರೆ ಹೊಸ ಬಚ್ಚಲಲ್ಲಿ ನೀರು ಬರುವ ತನಕ ಹಳೇ ಬಚ್ಚಲಿಗೆ ಕೈ ಹಚ್ಚಲು ಬಿಡಬೇಡಿ. ಗುತ್ತಿಗೆದಾರ "ಎರಡು ದಿನದ ಕೆಲಸ ಅಷ್ಟೇ ಬಾಯಾರ" ಅನ್ನುತ್ತಾನೆ. ಆ ಎರಡು ದಿನ ಮುಗಿಯುವುದೇ ಇಲ್ಲ. ನಮ್ಮ ಅತ್ತೆ ಪಕ್ಕದ ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದರು. ಪಕ್ಕದ ಮನೆಯವರು ಒಳ್ಳೆಯವರು, ಏನೂ ಅನ್ನಲಿಲ್ಲ. ಅತ್ತೆಯೇ ಒಳಗೊಳಗೆ ಕುಗ್ಗಿಹೋದರು.

ಅಡುಗೆ ನಾವು ಮುಂದಿನ ಕಟ್ಟೆಗೆ ತಂದೆವು. ಗ್ಯಾಸ್ ಒಲೆ, ಒಂದು ಮೇಜು, ನೀರಿನ ಡ್ರಮ್ಮು. ಉಳಿದದ್ದೆಲ್ಲ ಕಟ್ಟಿ ಮಂಚದ ಕೆಳಗೆ. ದಿನಾ ಬೇಕಾಗೋದು ಎರಡು ಪಾತ್ರೆ, ಒಂದು ಕುಕ್ಕರ್, ಹಂಚು. ರೊಟ್ಟಿ ಬಡಿಯೋದು ಬಿಟ್ಟು, ಹತ್ತಿರದ ಒಬ್ಬ ಅಕ್ಕನ ಕಡೆ ಖಡಕ್ ರೊಟ್ಟಿ ತರಿಸಿ ಡಬ್ಬಿಯಲ್ಲಿಟ್ಟೆ. ಪಲ್ಯ, ಚಟ್ನಿಪುಡಿ, ಮೊಸರು. ಯಾರೂ ಉಪವಾಸ ಬೀಳಲಿಲ್ಲ. ಧೂಳಿಗೆ ಮಾತ್ರ ಏನೂ ಮಾಡೋಕಾಗಲ್ಲ. ಗೋಡೆ ಕೊರೆಯೋ ಮಶೀನು ಹಚ್ಚಿದ ದಿನ ಬೀರು ಒಳಗಿನ ಮಡಿಕೆ ಸೀರೆಯ ಮೇಲೂ ಕೆಂಪು ಪುಡಿ ಇತ್ತು. ಬೀರು ಬಾಗಿಲ ಸಂದಿಗೆ ಟೇಪು ಅಂಟಿಸಿ, ಮೇಲೆ ಹಳೇ ಬೆಡ್‌ಶೀಟು ಕಟ್ಟಿ.

ಮಳೆ ವಿಷಯದಲ್ಲಿ ನಿಮಗೆ ನಮ್ಮಷ್ಟು ಕಾಟ ಇಲ್ಲ. ಬೆಳಗಾವಿಯಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಹೊರಗಿನ ಕೆಲಸ ನಡೆದರೆ ನಡೆಯಿತು. ಖಾನಾಪುರ ಕಡೆಯ ಇಟ್ಟಂಗಿ ಭಟ್ಟಿಗಳೂ ಮಳೆಯಲ್ಲಿ ಬಂದ್. ಮೇ ತಿಂಗಳಲ್ಲೇ ಇಟ್ಟಂಗಿ ಹಾಕಿಸಿಕೊಂಡವರು ಬಚಾವ್. ಸಿಮೆಂಟು ಮಾತ್ರ ಹಾಗೆ ಒಟ್ಟಿಗೆ ತರಿಸಬೇಡಿ, ಹಸಿ ಹಿಡಿದು ಗಡ್ಡೆ ಕಟ್ಟುತ್ತದೆ.

ಜಮಖಂಡಿ ಕಡೆಯಿಂದ:
ನಾನು ಗೌಂಡಿ ಮನೆತನದವನು. ಎಲ್ಲರೂ ಗೌಂಡಿಗಳು ಕೈ ಕೊಡುತ್ತಾರೆ ಅಂತೀರಿ, ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ. ಗಿಲಾವು ಮುಗಿದ ಮೇಲೆ ಮನೆಯವರು "ಇಲ್ಲೊಂದು ಸ್ವಿಚ್ ಬೇಕಿತ್ತು" ಅಂತಾರೆ. ಆಯಿತು, ಎಲೆಕ್ಟ್ರಿಶಿಯನ್ ಬಂದು ಗೋಡೆ ಕೊರೆಯಬೇಕು, ಅವನು ಹೋದ ಮೇಲೆ ನಾವು ಮತ್ತೆ ಬಂದು ಮುಚ್ಚಬೇಕು. ಅಷ್ಟರಲ್ಲಿ ನಮ್ಮ ಆಳು ಬೇರೆ ಸೈಟಿಗೆ ಹೋಗಿರುತ್ತವೆ. ಉಸುಕು ಬಂದಿಲ್ಲ ಅಂತ ಒಂದು ದಿನ ಖಾಲಿ ಕೂತರೆ ಆ ದಿನದ ಪಗಾರ ಯಾರು ಕೊಡಬೇಕು? ಯಾರೂ ಕೊಡಲ್ಲ. ಅದಕ್ಕೇ ಗೌಂಡಿ ಎರಡು ಮೂರು ಸೈಟು ಹಿಡಿದಿರುತ್ತಾನೆ.

ಕೆಲಸ ನಿಲ್ಲೋ ದಿನಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ನಮ್ಮಲ್ಲಿ ಅಮಾವಾಸ್ಯೆಗೆ ಕೆಲಸ ಇಲ್ಲ. ಪಂಚಮಿಗೆ ಆಳು ಊರಿಗೆ ಹೋದರೆ ಮರುದಿನವೇ ಬರುತ್ತಾರೆ ಅಂತ ತಿಳಿಯಬೇಡಿ. ಸಂಕ್ರಾಂತಿಗೆ ನಿಮ್ಮ ಸಿದ್ಧೇಶ್ವರ ಜಾತ್ರೆ. ಬಾಗಲಕೋಟೆಯಲ್ಲಾದರೆ ಹೋಳಿ, ಆ ದಿನಗಳಲ್ಲಿ ಊರಿಗೆ ಊರೇ ಬಣ್ಣದಲ್ಲಿರುತ್ತದೆ. ದೀಪಾವಳಿ ಮುಗಿದ ಮೇಲೆ ಕಬ್ಬಿನ ಕಟಾವು ಶುರುವಾದರೆ ಹೆಲ್ಪರ್‌ಗಳೇ ಸಿಗಲ್ಲ. ಗೋವಾಕ್ಕೆ ದುಡಿಯಲು ಹೋದವರು ಬೇರೆ. ಇದಕ್ಕೆಲ್ಲ ಗೌಂಡಿಯನ್ನು ಬೈದು ಉಪಯೋಗವಿಲ್ಲ.

ದುಡ್ಡಿನ ಮಾತು. ವಾರದ ಬಟವಾಡೆ ತಪ್ಪಿಸಬೇಡಿ, ಆಳುಗಳು ಸಂತೆ ಮಾಡೋದು ಅದರಲ್ಲೇ. ಆದರೆ ಮುಂಗಡ ಕೇಳಿದಷ್ಟೂ ಕೊಡಬೇಡಿ. ಕೆಲಸ ಎಷ್ಟಾಗಿದೆಯೋ ಅದಕ್ಕಿಂತ ದುಡ್ಡು ಯಾವಾಗಲೂ ಸ್ವಲ್ಪ ಹಿಂದೆ ಇರಲಿ. ಪಾಯಕ್ಕೆ ಇಷ್ಟು, ಲಿಂಟೆಲ್‌ಗೆ (ಬಾಗಿಲು ಕಿಟಕಿ ಮೇಲಿನ ಕಾಂಕ್ರೀಟು ಪಟ್ಟಿ) ಇಷ್ಟು, ಸ್ಲ್ಯಾಬಿಗೆ ಇಷ್ಟು, ಗಿಲಾವಿಗೆ ಇಷ್ಟು ಅಂತ ಮೊದಲೇ ಮಾತಾಗಲಿ. ಕೊನೇ ಕಂತು ಬಣ್ಣ ಆಗಿ, ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸಿ ಸೋರಿಕೆ ಪರೀಕ್ಷೆ ಮಾಡಿದ ಮೇಲೆ. ನಾನು ಗೌಂಡಿಯ ಮಗನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಬೆಳಗಾವಿಯಿಂದ, ಬ್ಯಾಂಕಿನಲ್ಲಿ ಕೆಲಸ ಮಾಡುವವರು:
ಸಾಲ ತಗೊಳ್ಳುವುದಾದರೆ ಹೆಚ್ಚುವರಿ ಭಾಗಕ್ಕೂ ಮಂಜೂರಾದ ನಕ್ಷೆ ಬೇಕು. ಹಿತ್ತಲಿನ ರೂಮಿಗೆ ಬಹಳ ಜನ ಸಿಕ್ಕಿಬೀಳೋದು ಇಲ್ಲೇ. ಹಿಂದೆ ಬಿಡಬೇಕಾದ ಜಾಗವನ್ನೇ ಮುಚ್ಚಿ ಕಟ್ಟಿರುತ್ತಾರೆ. ನಕ್ಷೆಗೆ ತಕ್ಕಂತೆ ಕಟ್ಟಿ ಪೂರ್ಣತಾ ಪ್ರಮಾಣಪತ್ರ ಪಡೆದ ಕಟ್ಟಡಕ್ಕೇ ಕರೆಂಟು, ನೀರು ಕೊಡಬೇಕು, ಕಟ್ಟಡ ಅಡವಿಟ್ಟು ತಗೊಳ್ಳುವ ಸಾಲವೂ ಅಂಥದ್ದಕ್ಕೇ ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಹಳ ಕಡೆ ಬಿಗಿಯಾಯಿತು. ಮುಂದೆ ಮೇಲಿನ ರೂಮು ಬಾಡಿಗೆಗೆ ಕೊಟ್ಟು ಬೇರೆ ಮೀಟರ್ ಹಾಕಿಸುವ ವಿಚಾರ ಇದ್ದರೆ ಹೆಸ್ಕಾಂ ಕಚೇರಿಯಲ್ಲಿ ಈಗಲೇ ಕೇಳಿಬಿಡಿ.

ಇನ್ನೊಂದು, ಸಾಲದ ದುಡ್ಡು ಒಂದೇ ಸಲ ಕೈಗೆ ಬರಲ್ಲ. ಮೊದಲು ನಿಮ್ಮ ಪಾಲು ಹಾಕಬೇಕು, ಆಮೇಲೆ ಕೆಲಸ ನೋಡಿ ಕಂತು ಬಿಡುತ್ತಾರೆ. ಗೌಂಡಿಗೆ ಶನಿವಾರ ಬೇಕು, ನಮ್ಮ ಇನ್‌ಸ್ಪೆಕ್ಷನ್ ಮುಂದಿನ ವಾರ. ಆ ಸಂದಿಯಲ್ಲಿ ಜನ ಬಂಗಾರ ಅಡವಿಡುತ್ತಾರೆ. ಒಂದು ಹಂತದ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಕೆಲಸ ಶುರು ಮಾಡಿ. ಸ್ಲ್ಯಾಬ್ ಬಿದ್ದ ದಿನ ಪೇಡೆ ಹಂಚುತ್ತಾರೆ, ಮುಗಿದೇ ಹೋಯಿತು ಅನ್ನೋ ಹಾಗೆ. ಹೆಚ್ಚು ಕಡಿಮೆ ಅರ್ಧ ಖರ್ಚು ಅಲ್ಲಿಂದ ಮುಂದೆ ಇರುತ್ತದೆ. ಬಾಗಿಲು, ಕಿಟಕಿ, ಟೈಲ್ಸ್, ನಳ, ವೈರಿಂಗ್, ಬಣ್ಣ.

ಮತ್ತೆ ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ನಿನ್ನೆ ಮನೆಯವರು ಇದನ್ನೆಲ್ಲ ಜೋರಾಗಿ ಓದಿದರು, ಮಾವನವರು ಬಚ್ಚಲಿನ ಮಾತಿಗೆ ತಲೆ ಆಡಿಸಿದರು. ಆದರೆ ಯಾವಾಗ ಶುರು ಮಾಡೋದು ತಿಳಿಯುತ್ತಿಲ್ಲ. ದಸರಾ ಮುಗಿದ ಕೂಡಲೇ ಅಂದರೆ ಮಗಳ ಓದು ಹಾಳು. ಪರೀಕ್ಷೆ ಮುಗಿದ ಮೇಲೆ ಅಂದರೆ ಏಪ್ರಿಲ್ ಬಿಸಿಲು, ನೀರಿನ ತಾಪತ್ರಯ. ಮೇಲಿನ ರೂಮಿನದು ಏನು ಮಾಡೋದು?

ವಿಜಯಪುರದಿಂದಲೇ, ಸೈಟ್ ಎಂಜಿನಿಯರ್:
ಮೇಡಂ, ಎರಡೂ ಬೇಡ, ಕೆಲಸವನ್ನು ಎರಡು ತುಂಡು ಮಾಡಿ. ದಸರಾ ಆದ ಮೇಲೆ ಹಿತ್ತಲಲ್ಲಿ ಹೊಸ ರೂಮು, ಬಚ್ಚಲು ಹೊರಗಿನಿಂದಲೇ ಕಟ್ಟಿಸಿ. ಹಿತ್ತಲ ಬಾಗಿಲಿಂದ ಆಳು ಬರಲಿ, ಹೋಗಲಿ. ಹಳೇ ಮನೆಯ ಒಂದು ಇಟ್ಟಂಗಿಯನ್ನೂ ಅಲುಗಿಸಬೇಡಿ. ನಡುವಿನ ಗೋಡೆ ಒಡೆಯೋದು, ಅಡುಗೆಮನೆ ಹಿಗ್ಗಿಸೋದು, ಟೈಲ್ಸ್ ಎಲ್ಲ ಪರೀಕ್ಷೆ ಮುಗಿದ ಮೇಲೆ. ಆಗ ನಿಮಗೆ ಇರೋಕೆ ಹೊಸ ರೂಮು ಇರುತ್ತದೆ, ಬಾಡಿಗೆ ಮನೆ ಬೇಕಾಗಲ್ಲ. ಮಾವನವರಿಗೂ ಬಚ್ಚಲು ಮೊದಲೇ ಸಿಗುತ್ತದೆ. ಸೆಂಟ್ರಿಂಗ್ (ಸ್ಲ್ಯಾಬಿನ ಅಡಿಯ ಹಲಗೆ, ಆಸರೆ) ಬಡಿಯೋ ದಿನ, ಸ್ಲ್ಯಾಬ್ ದಿನ ಸದ್ದು ಇರುತ್ತದೆ. ಆ ದಿನ ಮಗಳನ್ನು ಲೈಬ್ರರಿಗೋ ಗೆಳತಿಯ ಮನೆಗೋ ಕಳಿಸಿ.

ಚಳಿಗಾಲದಲ್ಲಿ ಸ್ಲ್ಯಾಬ್ ಹಾಕಿದರೆ ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸೋದು) ಕೂಡ ಸುಲಭ. ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ, ಕನಿಷ್ಠ 10 ದಿನ, 14 ಆದರೆ ಒಳ್ಳೆಯದು. ನಮ್ಮೂರಲ್ಲಿ ಮೇ ತಿಂಗಳಲ್ಲಿ ಇದಕ್ಕೇ ಟ್ಯಾಂಕರ್ ತರಿಸಿದವರಿದ್ದಾರೆ. ಬೀಮುಗಳ ಕೆಳಗಿನ ಆಸರೆ 14 ದಿನದ ಮೊದಲು ತೆಗೆಯಲು ಬಿಡಬೇಡಿ. ಸೆಂಟ್ರಿಂಗ್‌ನವನು ಬೇರೆ ಸೈಟಿಗೆ ಬೇಕು ಅಂತ ಅವಸರ ಮಾಡುತ್ತಾನೆ, ಬಾಡಿಗೆ ಎರಡು ದಿನ ಜಾಸ್ತಿ ಕೊಟ್ಟರೂ ಚಿಂತೆಯಿಲ್ಲ.

ಮೇಲಿನ ರೂಮು ಈಗ ಬಿಡಿ. ಹಳೇ ಮನೆ ಕಲ್ಲು ಮಣ್ಣಿನ ಗೋಡೆಯದಾದರೆ ಅದರ ಮೇಲೆ ಆರ್‌ಸಿಸಿ (ರಾಡು ಹಾಕಿದ ಕಾಂಕ್ರೀಟು) ಹೊರಿಸುವ ಮಾತೇ ಬೇಡ. ಮುಂದೆ ಕಟ್ಟುವುದಿದ್ದರೆ ಹೊಸ ರೂಮಿನ ಮೇಲೆ ಮಾತ್ರ. ಅದಕ್ಕೆ ಈಗಲೇ ಕಾಲಂ, ಪಾಯ ಮೇಲಿನ ಇನ್ನೊಂದು ಅಂತಸ್ತಿನ ಭಾರಕ್ಕೂ ಸೇರಿಸಿ ಲೆಕ್ಕ ಹಾಕಿಸಿ. ಹೆಚ್ಚಿಗೆ ಬೀಳುವ ಖರ್ಚು ದೊಡ್ಡದಲ್ಲ. ಮೇಲೆ ಬಿಟ್ಟ ರಾಡುಗಳನ್ನು ಮಾತ್ರ ಹಾಗೇ ಬಿಸಿಲು ಮಳೆಗೆ ಬಿಡಬೇಡಿ. ಊರಲ್ಲಿ ಎಷ್ಟು ಮಾಳಿಗೆ ಮೇಲೆ ತುಕ್ಕು ಹಿಡಿದ ರಾಡು ನಿಂತಿವೆ ನೋಡಿ. ಸಿಮೆಂಟು ನೀರು ಬಳಿದು, ಸುತ್ತ ತೆಳು ಕಾಂಕ್ರೀಟು ಹಾಕಿಸಿ, ಬೇಕಾದಾಗ ಒಡೆದು ತೆಗೆಯಬಹುದು. ಮೆಟ್ಟಿಲಿಗೆ ಜಾಗ ಎಲ್ಲಿ ಅಂತ ನಕ್ಷೆಯಲ್ಲೇ ಗುರುತು ಹಾಕಿಸಿಕೊಳ್ಳಿ. ಇಲ್ಲವಾದರೆ ನಾಳೆ ಅದು ನಿಮ್ಮ ಹೊಸ ಬಚ್ಚಲಿನ ಕಿಟಕಿ ಮುಂದೆಯೇ ಬರುತ್ತದೆ.