ಪದಚರ್ಚೆ: ಡಚ್ ರೈಲುಗಳ ಅಡ್ಡಹೆಸರುಗಳು, ಜೊತೆಗೆ ‘ಟ್ರೇನ್‌ಸ್ಟೆಲ್’ಗೆ (ಕಾಯಂ ಕೂಡಿಸಿಟ್ಟ ಡಬ್ಬಿಗಳ ಸೆಟ್ಟಿಗೆ) ಒಂದು ಕನ್ನಡ ಪದ

ಎಲ್ಲರಿಗೂ ನಮಸ್ಕಾರ.

ನೆದರ್ಲೆಂಡ್ಸ್ ರೈಲುಗಳ ಕಥೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಸವಿ, ಊರು, ಕಂಪನಿ ಇವೆಲ್ಲ ಸಲೀಸಾಗಿ ಬಂದವು. ಸಿಕ್ಕಿಕೊಂಡಿದ್ದು ರೈಲುಗಳ ಹೆಸರಿನಲ್ಲಿ. ಅಲ್ಲಿ ಒಂದೊಂದು ರೈಲಿಗೂ ಆಫೀಸಿನವರು ಇಟ್ಟ ಹೆಸರು ಒಂದು, ಜನ ಕರೆಯುವ ಹೆಸರು ಇನ್ನೊಂದು. ಆಫೀಸಿನ ಹೆಸರಲ್ಲಿ ‘ಮಟೇರಿಯೇಲ್’ (ರೈಲು ಗಾಡಿಗಳು) ಅನ್ನುವ ಮಾತಿನ ಜೊತೆ ಬರೀ ಇಸವಿ ಇರುತ್ತದೆ: ‘ಮಟೇರಿಯೇಲ್ 46’, ‘ಮಟೇರಿಯೇಲ್ 54’, ‘ಮಟೇರಿಯೇಲ್ 64’. ಜನರ ಬಾಯಲ್ಲಿ ಇವೇ ಇಲಿ, ನಾಯಿ, ಕೋತಿ. ಆಫೀಸಿನ ಹೆಸರನ್ನು ಇದ್ದ ಹಾಗೇ ಬಿಡೋಣ. ಜನರ ಹೆಸರನ್ನು ಮಾತ್ರ ಕನ್ನಡಕ್ಕೆ ತರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದು ಕಣ್ಣಿಗೆ ಕಂಡದ್ದನ್ನು ನೋಡಿ ಇಟ್ಟ ಹೆಸರು. ಅರ್ಥವಾಗದಿದ್ದರೆ ಓದುಗರಿಗೆ ಆ ರೈಲು ಕಾಣುವುದೇ ಇಲ್ಲ.

ಈ ಹೆಸರುಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಅಲ್ಲಿ ಮೊದಲ ರೈಲು ಓಡಿದ್ದು 1839ರ ಸೆಪ್ಟೆಂಬರ್ 20ರಂದು, ಆಮ್‌ಸ್ಟರ್‌ಡ್ಯಾಮ್‌ನಿಂದ ಹಾರ್ಲೆಮ್‌ಗೆ. ಎಳೆದದ್ದು ‘ಡೆ ಆರೆಂಡ್’ ಎಂಬ ಉಗಿ ಎಂಜಿನ್. ಆರೆಂಡ್ ಅಂದರೆ ಹದ್ದು. ಆಗ ಹೆಸರಿದ್ದದ್ದು ಎಂಜಿನ್‌ಗೆ. ಹಿಂದಿನ ಡಬ್ಬಿಗಳನ್ನು ಯಾರೂ ಹೆಸರಿಟ್ಟು ಕರೆಯುತ್ತಿರಲಿಲ್ಲ. 1908ರಲ್ಲಿ ರೋಟರ್‌ಡ್ಯಾಮ್ ಮತ್ತು ಹೇಗ್ ನಡುವೆ ಕರೆಂಟಿನ ರೈಲು ಬಂತು. 1934ರಲ್ಲಿ ಮೂರು ಡಬ್ಬಿಯ ಡೀಸೆಲ್ ರೈಲುಗಳು ಬಂದವು. ಮೈ ನುಣುಪು, ಮುಖ ದುಂಡಗೆ, ಮೋಟರ್ ಒಳಗೇ. ಮುಂದೆ ಎಂಜಿನ್ ಅಂತ ಬೇರೆ ಇಲ್ಲ. 1938ರಲ್ಲಿ ಹಳೆಯ ಕಂಪನಿಗಳೆಲ್ಲ ಸೇರಿ ಒಂದೇ ರೈಲ್ವೆ ಆಯಿತು. 1958ರ ಜನವರಿ 7ರಂದು 3737 ನಂಬರಿನ ಉಗಿ ಎಂಜಿನ್ ಉಟ್ರೆಕ್ಟ್‌ನ ರೈಲ್ವೆ ಮ್ಯೂಸಿಯಂ ಸೇರಿತು. ಉಗಿಯ ಕಾಲ ಅಲ್ಲಿಗೆ ಮುಗಿಯಿತು. ಎಂಜಿನ್ ಎಳೆಯುವ ಗಾಡಿಗಳು ಆಮೇಲೂ ಇದ್ದವು. ಆದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಕಡೆಗೆ ಹೆಚ್ಚಾಗಿ ಬರುತ್ತಿದ್ದದ್ದು ಎಂಜಿನ್ ಅಲ್ಲ, ರೈಲಿನದೇ ಮುಖ. ಜನ ಮುಖ ನೋಡಿ ಹೆಸರಿಟ್ಟರು.

ಈಗ ಹೆಸರಿಗೆ ಬರೋಣ. ಯುದ್ಧ ಮುಗಿದ ಮೇಲೆ ಬಂದ 46ರ ರೈಲಿಗೆ ‘ಮಾಯ್ಜೆನ್‌ನೋಸ್’ ಅಂದರು. ಇಲಿಯ ಮೂಗು. ಇದನ್ನು ಇಲಿಮೂಗು ಅಂತಲೇ ಇಟ್ಟಿದ್ದೇನೆ. ಸುಂಡಿಲಿ ಅಂತಲೂ ಯೋಚಿಸಿದೆ. ಸುಂಡಿಲಿ ಅಂದರೆ ಚೂಪು ಮೂತಿ ನೆನಪಾಗುತ್ತದೆ, ಈ ರೈಲಿನದು ದುಂಡು ಮೂಗು. ಹಾಗಾಗಿ ಬಿಟ್ಟೆ.

54ರ ರೈಲು ‘ಹೊಂಡೆಕೊಪ್’. ಹೊಂಡ್ ಅಂದರೆ ನಾಯಿ, ಕೊಪ್ ಅಂದರೆ ತಲೆ. ಇಲ್ಲಿ ‘ನಾಯಿತಲೆ’ ಅಂದರೆ ಕೆಡುತ್ತದೆ ಅಂತ ನನ್ನ ವಾದ. ಡಚ್ಚಿನಲ್ಲಿ ಮನುಷ್ಯರ ತಲೆಗೆ ಮರ್ಯಾದೆಯ ಮಾತು ‘ಹೋಫ್ಟ್’. ‘ಕೊಪ್’ ಸಾಮಾನ್ಯವಾಗಿ ಪ್ರಾಣಿಯದು. ಮನುಷ್ಯರಿಗೆ ಅಂದರೆ ಸಲಿಗೆಯ ಮಾತು, ಇಲ್ಲವೇ ಒರಟು ಮಾತು. ಕನ್ನಡದಲ್ಲಿ ಈ ಕೆಲಸ ಮಾಡುವುದು ‘ಮೂತಿ’. ಪ್ರಾಣಿಗೆ ಅಂದರೆ ಸಹಜ, ಮನುಷ್ಯರಿಗೆ ಅಂದರೆ ಬೈಗುಳ. ರೈಲಿನ ರೂಪವೂ ಅದನ್ನೇ ಹೇಳುತ್ತದೆ. ಅದರ ಮುಂಭಾಗ ಚಪ್ಪಟೆ ಇಲ್ಲ. ದಪ್ಪನೆಯ ಮೂಗು ಒಂದು ಮುಂದಕ್ಕೆ ಚಾಚಿದೆ. ಅದರ ಹಿಂದೆ, ಎತ್ತರದಲ್ಲಿ, ಚಾಲಕನ ಕಿಟಕಿಗಳು. ಡಿಕ್ಕಿಯಾದರೆ ಮೊದಲ ಪೆಟ್ಟು ಮೂಗಿಗೆ ಬೀಳಲಿ, ಚಾಲಕ ಉಳಿಯಲಿ ಅಂತ ಹಾಗೆ ಕಟ್ಟಿದ್ದು. ಪಕ್ಕದಿಂದ ನೋಡಿದರೆ ಮುಂಗಾಲು ಚಾಚಿ ಮಲಗಿದ ದೊಡ್ಡ ನಾಯಿಯ ಹಾಗೇ ಇದೆ. ಅದಕ್ಕೆ ‘ನಾಯಿಮೂತಿ’. ಮೊದಲು ಹಸಿರು ಬಣ್ಣದಲ್ಲಿ ಬಂದು ಆಮೇಲೆ ಹಳದಿಯಾದ ಈ ರೈಲು 1990ರ ದಶಕದವರೆಗೂ ಓಡಿತು. ಅಲ್ಲಿಯ ಜನಕ್ಕೆ ಇದರ ಮೇಲೆ ಈಗಲೂ ಪ್ರೀತಿ ಜಾಸ್ತಿ.

64ರದು ‘ಆಪೆಕೊಪ್’. ಇದಕ್ಕಂತೂ ಕನ್ನಡ ಮೊದಲೇ ಸಿದ್ಧವಾಗಿದೆ: ಕೋತಿಮೂತಿ. ಪ್ರಾಸವೂ ಕೂಡಿ ಬಂತು. ಡಚ್ಚಿನಲ್ಲೂ ‘ಆಪೆಕೊಪ್’ ಅಂತ ತುಂಟ ಮಕ್ಕಳನ್ನು ಗದರುವುದುಂಟು, ನಮ್ಮಲ್ಲೂ ಅಷ್ಟೇ ಅಲ್ವಾ? ಈ ಬಗೆಯ ಎರಡು ಡಬ್ಬಿಯ ರೈಲುಗಳು 2016ರವರೆಗೂ ಓಡಿದವು.

ಕಷ್ಟವಾದದ್ದು ‘ಕೊಪ್‌ಲೋಪರ್’. 1977ರಲ್ಲಿ ಇದರ ಮೊದಲ ಮಾದರಿಗಳು ಬಂದವು, ಹೆಚ್ಚಿನ ರೈಲುಗಳು 1983ರ ನಂತರ. ಇದರಲ್ಲಿ ಚಾಲಕ ಮೇಲೆ, ಚಾವಣಿಯ ಮಟ್ಟದ ಪುಟ್ಟ ಕೋಣೆಯಲ್ಲಿ ಕೂರುತ್ತಾನೆ. ಅವನ ಕೆಳಗೆ, ರೈಲಿನ ಮುಖದ ನಟ್ಟನಡುವೆ, ಒಂದು ಬಾಗಿಲು. ಯಾಕೆ ಅಂದರೆ ಅಲ್ಲಿ ರೈಲುಗಳನ್ನು ದಾರಿಯಲ್ಲಿ ಕೂಡಿಸುವುದು, ಬಿಡಿಸುವುದು ನಿತ್ಯದ ಕೆಲಸವಾಗಿತ್ತು. ಎರಡು ರೈಲು ಒಂದಾಗಿ ಉತ್ತರಕ್ಕೆ ಹೊರಡುತ್ತಿದ್ದವು. ಝ್ವೊಲೆ ನಿಲ್ದಾಣದಲ್ಲಿ ಬೇರೆಯಾಗಿ ಒಂದು ಖ್ರೋನಿಂಗೆನ್ ಕಡೆಗೆ, ಇನ್ನೊಂದು ಲೇವಾರ್ಡೆನ್ ಕಡೆಗೆ ಹೋಗುತ್ತಿತ್ತು. ತಪ್ಪು ಭಾಗದಲ್ಲಿ ಕೂತವರು ಕೆಳಗಿಳಿದು ಪ್ಲಾಟ್‌ಫಾರ್ಮಿನಲ್ಲಿ ಓಡಬೇಕಿರಲಿಲ್ಲ. ಒಂದು ರೈಲಿನ ಮುಖದಿಂದ ಇನ್ನೊಂದರ ಮುಖಕ್ಕೆ ಒಳಗಿಂದಲೇ ನಡೆದು ಹೋಗಬಹುದಿತ್ತು. ಕೊಪ್ ಅಂದರೆ ತಲೆ, ಲೋಪರ್ ಅಂದರೆ ನಡೆಯುವವನು. ಇದರ ಜೊತೆಗೆ ‘ಕೊಪ್‌ಲೋಪರ್’ ಅಂದರೆ ಓಟದಲ್ಲಿ ಎಲ್ಲರಿಗಿಂತ ಮುಂದಿರುವವನು ಅಂತಲೂ ಅರ್ಥ. ಎರಡೂ ಅರ್ಥ ಒಂದೇ ಪದದಲ್ಲಿ ಕೂತಿವೆ.

‘ಮುಂದಾಳು’ ಅಂದರೆ ಎರಡನೇ ಅರ್ಥ ಬರುತ್ತದೆ, ಬಾಗಿಲು ಹೋಗುತ್ತದೆ. ನನಗೆ ತೋಚಿದ್ದು ‘ತಲೆಬಾಗಿಲು’. ಮನೆಯ ಮುಖ್ಯ ಬಾಗಿಲಿಗೆ ನಾವು ಹೇಳುವ ಪದ. ಇಲ್ಲಿ ನಿಜವಾಗಿಯೂ ತಲೆಯಲ್ಲೇ ಬಾಗಿಲಿದೆ. 2005ರಲ್ಲಿ ನಿರ್ವಹಣೆಯ ಖರ್ಚು ಜಾಸ್ತಿ ಅಂತ ಆ ದಾರಿಯನ್ನು ಮುಚ್ಚಿಬಿಟ್ಟರು, ಹೆಸರು ಮಾತ್ರ ಉಳಿಯಿತು. ‘ತಲೆಬಾಗಿಲು ಮುಚ್ಚಿದರು’ ಅಂತ ಬರೆದರೆ ಕನ್ನಡದ ಓದುಗರಿಗೆ ತಟ್ಟನೆ ಮುಟ್ಟುತ್ತದೆ. ಆದರೆ ‘ಮುಂದಿರುವವನು’ ಎಂಬ ಅರ್ಥ ಕೈ ಬಿಟ್ಟು ಹೋಗುತ್ತದೆ. ಎರಡನ್ನೂ ಹಿಡಿಯುವ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಹೇಳಿ.

ಇನ್ನೆರಡು ಪದಗಳ ಬಗ್ಗೆ ಚಿಕ್ಕದಾಗಿ. ‘ಸ್ಪೋರ್’ ಅನ್ನುವ ಪದ ಡಚ್ಚಿನಲ್ಲಿ ಎಲ್ಲಾ ಕಡೆ ಇದೆ. ಹೆಜ್ಜೆಯ ಗುರುತು, ಜಾಡು, ರೈಲಿನ ಹಳಿ, ಪ್ಲಾಟ್‌ಫಾರ್ಮಿನ ನಂಬರು, ಇಡೀ ರೈಲ್ವೆ, ಎಲ್ಲಕ್ಕೂ ಇದೇ. ನಾನು ಜಾಗ ನೋಡಿ ಜಾಡು, ಹಳಿ, ರೈಲ್ವೆ ಅಂತ ಬೇರೆ ಬೇರೆ ಬರೆದಿದ್ದೇನೆ. ಒಂದೇ ಪದಕ್ಕೆ ಒಂದೇ ಪದ ಇಡಬೇಕು ಅನ್ನುವ ಹಟ ಇಲ್ಲಿ ಬೇಡ. ತೊಡಕು ಬಂದದ್ದು ‘ಸ್ಪೋರ್‌ಸ್ಲಾಖ್ 70’ರಲ್ಲಿ. 1970ರ ಮೇ 31ರಂದು ಅಲ್ಲಿ ವೇಳಾಪಟ್ಟಿಯನ್ನೇ ಹೊಸದಾಗಿ ಕಟ್ಟಿದರು. ಇಂಟರ್‌ಸಿಟಿ ರೈಲುಗಳ ಜಾಲ ಶುರುವಾಯಿತು. ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ರೈಲು ಹೊರಡುವಂತೆ, ಒಂದರಿಂದ ಇಳಿದವರಿಗೆ ಇನ್ನೊಂದು ಸಿಗುವಂತೆ ಹೊಂದಿಸಿದರು. ಆ ಯೋಜನೆಯ ಹೆಸರು ಇದು. ‘ಸ್ಪೋರ್’ ಅಂದರೆ ಕುದುರೆ ಸವಾರನ ಹಿಮ್ಮಡಿಯಲ್ಲಿರುವ ಮುಳ್ಳು ಅಂತಲೂ ಅರ್ಥ. ‘ಸ್ಪೋರ್‌ಸ್ಲಾಖ್ಸ್’ ಅಂದರೆ ಮುಳ್ಳು ಚುಚ್ಚಿ ಕುದುರೆ ಓಡಿಸಿದಷ್ಟು ಬಿರುಸಾಗಿ. ನಾನು ‘ನಾಗಾಲೋಟ 70’ ಅಂತ ಬರೆದಿದ್ದೇನೆ. ಕುದುರೆ ಇದೆ, ಬಿರುಸು ಇದೆ. ಹಳಿ ಮಾತ್ರ ಇಲ್ಲ. ನನಗೆ ಇದು ಸಾಕು ಅನ್ನಿಸುತ್ತದೆ.

ಇನ್ನೊಂದು ‘ಸ್ಪ್ರಿಂಟರ್’. ಅಲ್ಲಿ ಈಗ ಎಲ್ಲ ನಿಲ್ದಾಣದಲ್ಲೂ ನಿಲ್ಲುವ ರೈಲಿಗೆ ಈ ಹೆಸರು. ಹಿಂದೆ ‘ಸ್ಟೊಪ್‌ಟ್ರೇನ್’, ಅಂದರೆ ನಿಲ್ಲುವ ರೈಲು, ಅನ್ನುತ್ತಿದ್ದರು. ಸ್ಪ್ರಿಂಟರ್ ಅಂದಕೂಡಲೇ ನಮ್ಮವರು ಎಕ್ಸ್‌ಪ್ರೆಸ್ ಅಂದುಕೊಳ್ಳುತ್ತಾರೆ. ಹಾಗಾಗಿ ಮೊದಲ ಸಲ ಬಂದಾಗ ‘ಸ್ಪ್ರಿಂಟರ್ ಎಂಬ ಪ್ಯಾಸೆಂಜರ್ ಗಾಡಿ’ ಅಂತ ಬರೆದು ಮುಂದೆ ಹೋಗಿದ್ದೇನೆ.

ಕೊನೆಯದಾಗಿ, ನನಗೆ ಹೆಚ್ಚು ಬೇಕಾದ ಪದ ‘ಟ್ರೇನ್‌ಸ್ಟೆಲ್’. ಇಲಿಮೂಗು, ನಾಯಿಮೂತಿ, ಕೋತಿಮೂತಿ, ತಲೆಬಾಗಿಲು, ಎಲ್ಲವೂ ಟ್ರೇನ್‌ಸ್ಟೆಲ್‌ಗಳೇ. ಎರಡೋ ಮೂರೋ ನಾಲ್ಕೋ ಡಬ್ಬಿಗಳು ಕಾಯಂ ಕೂಡಿಕೊಂಡಿರುತ್ತವೆ. ಮೋಟರ್ ಒಳಗೇ ಇರುತ್ತದೆ. ಎರಡು ತುದಿಯಲ್ಲೂ ಚಾಲಕನ ಕೋಣೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಆ ಕಡೆಗೆ ಸುತ್ತಿಸಿ ತರುವ ಕೆಲಸ ಇಲ್ಲ. ಚಾಲಕ ಆ ತುದಿಗೆ ನಡೆದು ಹೋದರೆ ಮುಗಿಯಿತು. ‘ಸ್ಟೆಲ್’ ಅಂದರೆ ಜೊತೆ, ಸೆಟ್ಟು. ಗಂಡ ಹೆಂಡತಿ ಜೋಡಿಗೂ ಅದೇ ಮಾತು.

ಕನ್ನಡದಲ್ಲಿ ‘ರೈಲು’ ಅಂದರೆ ಸಾಲದು, ಯಾಕೆಂದರೆ ಒಂದು ರೈಲಿನಲ್ಲಿ ಎರಡು ಮೂರು ಟ್ರೇನ್‌ಸ್ಟೆಲ್ ಇರಬಹುದು. ರೈಲ್ವೆಯವರು ‘ರೇಕು’ ಅನ್ನುತ್ತಾರೆ. ಆದರೆ ರೇಕು ಅಂದರೆ ಎಂಜಿನ್ ಬಿಟ್ಟು ಉಳಿದ ಬೋಗಿಗಳ ಸಾಲು ಅಂತಲೇ ಮೊದಲು ಹೊಳೆಯುತ್ತದೆ. ‘ಬೋಗಿಜೋಡಿ’ ಅಂದರೆ ಎರಡೇ ಅನ್ನಿಸುತ್ತದೆ. ‘ಬಂಡಿಕಟ್ಟು’ ಅಂತ ಒಂದು ಬರೆದಿಟ್ಟಿದ್ದೇನೆ. ಸೌದೆ ಕಟ್ಟು, ಸೊಪ್ಪಿನ ಕಟ್ಟು ಇದ್ದ ಹಾಗೆ, ಬಿಡಿಸದೆ ಒಂದಾಗಿ ಎಣಿಸುವುದು ಅದರಲ್ಲಿದೆ. ಆದರೆ ಇದು ಬರವಣಿಗೆಯಲ್ಲಿ ಹುಟ್ಟಿದ ಪದ, ಯಾರ ಬಾಯಲ್ಲೂ ಇಲ್ಲ.

ಬೆಂಗಳೂರಿನ ಸುತ್ತ ಓಡುವ ಮೆಮು (ಕರೆಂಟಿನವು), ಡೆಮು (ಡೀಸೆಲ್ಲಿನವು) ಗಾಡಿಗಳೂ ಇದೇ ಜಾತಿಯವು, ಮೆಟ್ರೋ ಕೂಡ. ಅಲ್ಲಿ ಕೆಲಸ ಮಾಡುವ ಕನ್ನಡದವರು ಅಂಥ ಒಂದು ಜೊತೆಯನ್ನು ಏನಂತ ಕರೆಯುತ್ತಾರೆ? ‘ಸೆಟ್ಟು’ ಅನ್ನುತ್ತಾರೋ, ‘ಯೂನಿಟ್ಟು’ ಅನ್ನುತ್ತಾರೋ, ಬೇರೆ ಏನಾದರೂ ಇದೆಯೋ? ಲೋಕೋ, ಅಂದರೆ ಬೇರೆ ಎಂಜಿನ್, ಇಲ್ಲದ ಗಾಡಿಯ ಚಾಲಕರನ್ನು ಇಲ್ಲೂ ‘ಲೋಕೋ ಪೈಲಟ್’ ಅಂತಲೇ ಕರೆಯುತ್ತಾರಾ, ಮುಂಬೈಯವರ ಹಾಗೆ ‘ಮೋಟರ್‌ಮನ್’ ಅನ್ನುತ್ತಾರಾ? ರೈಲ್ವೆಯಲ್ಲಿ ಇರುವವರು, ಮನೆಯಲ್ಲಿ ರೈಲ್ವೆಯವರು ಇರುವವರು ದಯವಿಟ್ಟು ಕೇಳಿ ತಿಳಿಸಿ. ಶೆಡ್ಡಿನಲ್ಲಿ ಆಡುವ ಮಾತು ಸಿಕ್ಕರೆ ‘ಬಂಡಿಕಟ್ಟು’ ತೆಗೆದು ಅದನ್ನೇ ಹಾಕುತ್ತೇನೆ.