ಗುಡ್ಡದ ಓಟದಲ್ಲಿ ಜಿಪಿಎಸ್ ವಾಚಿನ ಲೆಕ್ಕವನ್ನು ಎಷ್ಟು ನಂಬಬೇಕು?

ಸುಂಟಿಕೊಪ್ಪದ ಓಟಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಈ ಚಳಿಗಾಲದಲ್ಲಿ ಮಡಿಕೇರಿ ಸುತ್ತಲಿನ ಗುಡ್ಡದ ದಾರಿಯಲ್ಲಿ ನಡೆಯುವ ಒಂದು ಅರ್ಧ ಮ್ಯಾರಥಾನ್‌ಗೆ ತಯಾರಿ ನಡೆಸುತ್ತಿದ್ದೇನೆ. ಮೈಸೂರಿನ ಸಮತಟ್ಟಾದ ರಸ್ತೆಗಳಲ್ಲಿ ಈ ದೂರವನ್ನು ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತೇನೆ. ಇಲ್ಲಿನ ಏರಿಳಿತದಲ್ಲಿ ಎಷ್ಟು ಸಮಯದ ಗುರಿ ಇಟ್ಟುಕೊಳ್ಳಬೇಕೆಂಬುದು ಮಾತ್ರ ತಿಳಿಯುತ್ತಿಲ್ಲ.

ಹೆದ್ದಾರಿಯಲ್ಲಿ ಬೆಳಗಿನ ಮಂಜಿಗೆ ಓಟಗಾರರು ವಾಹನದವರ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅಭ್ಯಾಸವನ್ನು ತೋಟಗಳ ನಡುವಿನ ಒಳರಸ್ತೆಗಳಲ್ಲಿ ಮಾಡುತ್ತೇನೆ. ತೊಂದರೆ ಶುರುವಾಗುವುದೂ ಅಲ್ಲೇ. ನಾನೂ ನನ್ನ ಗೆಳೆಯನೂ ಜೊತೆಯಲ್ಲೇ ಓಡಿ ಬಂದರೂ ಅವನ ವಾಚು ನನ್ನದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ತೋರಿಸುತ್ತದೆ. ಒಟ್ಟು ಏರಿಕೆಯಲ್ಲಂತೂ ನೂರು ಮೀಟರಿಗೂ ಮಿಕ್ಕಿದ ವ್ಯತ್ಯಾಸವಿರುತ್ತದೆ. ತಿರುವುಗಳಲ್ಲಿ ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ) ಇದ್ದಕ್ಕಿದ್ದಂತೆ ಏಳು ನಿಮಿಷದಿಂದ ಐದಕ್ಕೆ ಜಿಗಿದು, ನಾಲ್ಕು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ಎಂಟಕ್ಕೆ ಬೀಳುತ್ತದೆ. ಉಪಗ್ರಹದ ಸಂಕೇತವನ್ನು ಎರಡು ತರಂಗಾಂತರಗಳಲ್ಲಿ ಹಿಡಿಯುವ ಹೊಸ ವಾಚು ಕೊಂಡರೆ ಎಲ್ಲವೂ ಸರಿಹೋಗುತ್ತದೆಂದು ಅಂಗಡಿಯವರು ಹೇಳುತ್ತಾರೆ. ಅಷ್ಟು ಹಣ ಹಾಕುವುದು ಸಾರ್ಥಕವೇ? ಓಟದ ದಿನ ಏರಿನಲ್ಲಿ ಏನನ್ನು ನೋಡಿಕೊಂಡು ಓಡಬೇಕು?

ನಿವೃತ್ತ ಸರ್ವೇಯರ್, ಮಡಿಕೇರಿ

ಮೊದಲು ದೂರದ ವಿಚಾರ. ವಾಚು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ತಾನಿರುವ ಬಿಂದುವನ್ನು ಗುರುತಿಸಿಕೊಂಡು, ಆ ಬಿಂದುಗಳನ್ನು ನೇರ ಗೆರೆಗಳಿಂದ ಜೋಡಿಸಿ, ಗೆರೆಗಳ ಉದ್ದವನ್ನು ಕೂಡುತ್ತಾ ಹೋಗುತ್ತದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ, ಅಲ್ಲಿಂದ ನಮ್ಮ ಮಣಿಕಟ್ಟಿಗೆ ತಲುಪುವ ಸಂಕೇತ ಬಹಳ ಕ್ಷೀಣವಾದದ್ದು. ತೋಟದ ಸಿಲ್ವರ್ ಓಕ್ ಮರಗಳ ಒದ್ದೆ ಎಲೆಗಳು ಅದನ್ನು ಇನ್ನಷ್ಟು ಕುಗ್ಗಿಸುತ್ತವೆ. ರಸ್ತೆ ಬದಿಯ ಎತ್ತರದ ಬರೆಗೆ (ಕಡಿದಾದ ಮಣ್ಣಿನ ಗೋಡೆಗೆ) ಬಡಿದು ವಾಪಸು ಬರುವ ಸಂಕೇತವು ನೇರವಾಗಿ ಬಂದ ಸಂಕೇತಕ್ಕಿಂತ ತಡವಾಗಿ ಸೇರುವುದರಿಂದ ವಾಚು ತನ್ನ ಜಾಗವನ್ನೇ ತಪ್ಪಾಗಿ ಗ್ರಹಿಸುತ್ತದೆ.

ನಿಮ್ಮ ಓಟದ ಗೆರೆಯನ್ನು ಮೊಬೈಲಿನ ಉಪಗ್ರಹ ಚಿತ್ರದ ಮೇಲೆ ಹಿಗ್ಗಿಸಿ ನೋಡಿ. ಬಯಲಿನ ಗದ್ದೆ ಬದಿಯಲ್ಲಿ ಅದು ಡಾಂಬರಿನ ಮೇಲೆಯೇ ಸಾಗಿರುತ್ತದೆ. ಮರಗಳ ಕೆಳಗೆ ಬಂದ ಕೂಡಲೇ ಎಡಕ್ಕೂ ಬಲಕ್ಕೂ ನುಲಿಯುತ್ತಾ ಕಾಫಿ ಗಿಡಗಳ ಸಾಲಿನೊಳಗೆ ನುಗ್ಗಿ ಹೊರಬಂದಿರುತ್ತದೆ, ಕೆಲವೊಮ್ಮೆ ತೋಟದ ಕೆರೆಯನ್ನೂ ದಾಟಿರುತ್ತದೆ. ಆ ನುಲಿತವೆಲ್ಲ ನಿಮ್ಮ ಲೆಕ್ಕಕ್ಕೆ ಜಮೆಯಾಗುವ ಹೆಚ್ಚುವರಿ ದೂರ. ಹೇರ್‌ಪಿನ್ ತಿರುವಿನಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯುತ್ತದೆ: ವಾಚು ತಿರುವಿನ ಮೂಗನ್ನು ಕತ್ತರಿಸಿ ಅಡ್ಡದಾರಿಯಲ್ಲಿ ಗೆರೆ ಎಳೆದುಬಿಡುತ್ತದೆ, ದೂರ ಕಡಿಮೆಯಾಗುತ್ತದೆ. ಬ್ಯಾಟರಿ ಉಳಿಸಲೆಂದು ಕೆಲವು ಸೆಕೆಂಡಿಗೊಮ್ಮೆ ಮಾತ್ರ ದಾಖಲಿಸುವ ಕ್ರಮವನ್ನು ಆರಿಸಿಟ್ಟವರಿಗೆ ಈ ನಷ್ಟ ಹೆಚ್ಚು. ನಿಮ್ಮಿಬ್ಬರಲ್ಲಿ ಯಾರ ವಾಚು ಆ ಕ್ರಮದಲ್ಲಿದೆ ಎಂಬುದನ್ನು ಒಮ್ಮೆ ತೆರೆದು ನೋಡಿ. ಅರ್ಧ ಕಿಲೋಮೀಟರಿನ ಒಗಟು ಅಲ್ಲೇ ಬಿಡಿಸಿಕೊಳ್ಳಬಹುದು.

ಏರಿನಲ್ಲಿ ಓಡಿದಾಗ ಓರೆಯಾದ ರಸ್ತೆಯ ಪೂರ್ತಿ ಉದ್ದವನ್ನು ವಾಚು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಕೆಲವರು ದೂರುವುದುಂಟು. ಶೇಕಡ 10ರ ಏರಿನಲ್ಲಿ, ಅಂದರೆ 100 ಮೀಟರಿಗೆ 10 ಮೀಟರ್ ಏರುವಲ್ಲಿ ಕೂಡ, ನಕ್ಷೆಯ ದೂರಕ್ಕೂ ರಸ್ತೆಯ ನಿಜವಾದ ಉದ್ದಕ್ಕೂ ಇರುವ ವ್ಯತ್ಯಾಸ ಕೇವಲ ಶೇಕಡ 0.5, ಅಂದರೆ 10 ಕಿ.ಮೀ.ಗೆ 50 ಮೀಟರ್. ಅದನ್ನು ಮರೆತುಬಿಡಿ.

ಪ್ರಮಾಣೀಕರಿಸಿದ ಓಟದ ದಾರಿಯನ್ನು ಅಳೆಯುವವರು ಜಿಪಿಎಸ್ ಬಳಸುವುದಿಲ್ಲ. ಉಕ್ಕಿನ ಟೇಪಿನಿಂದ ಅಳೆದ ಒಂದು ದೂರದ ಮೇಲೆ ಸೈಕಲ್ಲಿನ ಚಕ್ರವನ್ನು ಹೊಂದಿಸಿಕೊಂಡು, ತಿರುವುಗಳಲ್ಲಿ ಓಟಗಾರನಿಗೆ ಸಾಧ್ಯವಿರುವ ಅತ್ಯಂತ ಹತ್ತಿರದ ದಾರಿಯಲ್ಲಿ ತುಳಿದು ಅಳೆಯುತ್ತಾರೆ. ದಾರಿ ಗಿಡ್ಡವಾಗಬಾರದೆಂದು ಕಿಲೋಮೀಟರಿಗೆ ಒಂದು ಮೀಟರನ್ನು ಸೇರಿಸುತ್ತಾರೆ. ಹೀಗಾಗಿ ಅರ್ಧ ಮ್ಯಾರಥಾನಿನ 21.0975 ಕಿ.ಮೀ.ಯ ದಾರಿ ನಿಮ್ಮ ವಾಚಿನಲ್ಲಿ 21.3 ಆದರೆ ಆಯೋಜಕರ ಮೇಲೆ ರೇಗಬೇಕಾಗಿಲ್ಲ.

ಇನ್ನು ಎತ್ತರ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿನ ಭಾಗದಲ್ಲೇ ಇರುವುದರಿಂದ ಜಿಪಿಎಸ್‌ಗೆ ಅಡ್ಡಡ್ಡಲಾಗಿ ಜಾಗ ಹೇಳುವುದು ಸುಲಭ, ಎತ್ತರ ಹೇಳುವುದು ಕಷ್ಟ. ಅದಕ್ಕಾಗಿ ಉತ್ತಮ ವಾಚುಗಳಲ್ಲಿ ಗಾಳಿಯ ಒತ್ತಡವನ್ನು ಅಳೆಯುವ ಬ್ಯಾರೊಮೀಟರ್ ಇರುತ್ತದೆ. ಮಡಿಕೇರಿಯ ಎತ್ತರದಲ್ಲಿ ಸುಮಾರು 9 ಮೀಟರ್ ಏರಿದರೆ ಒತ್ತಡ ಒಂದು ಹೆಕ್ಟೊಪಾಸ್ಕಲ್‌ನಷ್ಟು ಇಳಿಯುತ್ತದೆ. ಹವೆ ಬದಲಾದಾಗಲೂ ಒತ್ತಡ ಬದಲಾಗುವುದರಿಂದ ನೀವು ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದರೂ ಮಳೆ ಮೋಡ ಕವಿದ ದಿನ ವಾಚು ನಿಮ್ಮನ್ನು ಹತ್ತಿಪ್ಪತ್ತು ಮೀಟರ್ ಮೇಲೆ ಕೂರಿಸಬಹುದು. ಆದ್ದರಿಂದ ಓಟಕ್ಕೆ ಮುನ್ನ ಗೊತ್ತಿರುವ ಎತ್ತರವೊಂದನ್ನು ವಾಚಿಗೆ ಕೊಡಬೇಕು. ಬೇರೆ ಊರಿನವರು ಎತ್ತರ ಬರೆದಿರುವ ರೈಲು ನಿಲ್ದಾಣದ ಹಳದಿ ಫಲಕವನ್ನು ನೋಡಿ ಹೊಂದಿಸಿಕೊಳ್ಳುತ್ತಾರೆ. ನಮ್ಮ ಜಿಲ್ಲೆಗೆ ಆ ಭಾಗ್ಯವಿಲ್ಲ, ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಯ ಸಮೋನ್ನತಿ ರೇಖೆಗಳೇ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳೇ) ಗತಿ.

ವಾಚಿನ ಬದಿಯಲ್ಲಿ ಅಥವಾ ಹಿಂಬದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳಿರುವುದನ್ನು ಗಮನಿಸಿದ್ದೀರಾ? ಬ್ಯಾರೊಮೀಟರಿಗೆ ಗಾಳಿ ಹೋಗುವುದು ಅಲ್ಲಿಂದ. ಬೆವರು ಒಣಗಿ ಬಿಳಿ ಉಪ್ಪಿನ ಪದರ ಕಟ್ಟಿದರೆ, ಅಥವಾ ಮಳೆಯಲ್ಲಿ ಜಾಕೆಟ್ಟಿನ ತೋಳು ಒತ್ತಿಕೊಂಡು ನೀರು ನಿಂತರೆ, ನೀವು ಏರುತ್ತಿದ್ದರೂ ವಾಚು ಸಮತಟ್ಟು ಎನ್ನುತ್ತದೆ, ಆಮೇಲೆ ಒಮ್ಮೆಲೇ ಮೂವತ್ತು ಮೀಟರ್ ಹಾರುತ್ತದೆ. ಬೆಚ್ಚಗಿನ ನೀರಿನಲ್ಲಿ ತೊಳೆದು ಹಾಗೆಯೇ ಒಣಗಲು ಬಿಡಿ. ಪಿನ್ನು ಹಾಕಿ ಕೆದಕಬೇಡಿ.

ಒಟ್ಟು ಏರಿಕೆಯ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಕುಶಾಲನಗರ ಸುಮಾರು 830 ಮೀಟರ್ ಎತ್ತರದಲ್ಲಿಯೂ ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿಯೂ ಇರುವುದರಿಂದ ನಡುವಿನ ನಿವ್ವಳ ಏರಿಕೆ 320 ಮೀಟರ್ ಎನ್ನಬಹುದು. ಆದರೆ ರಸ್ತೆ ನಡುನಡುವೆ ಇಳಿದು ಮತ್ತೆ ಏರುತ್ತದಲ್ಲ, ಆ ಸಣ್ಣ ಉಬ್ಬುಗಳಲ್ಲಿ ಯಾವುದನ್ನು ಏರು ಎಂದು ಎಣಿಸಬೇಕು, ಯಾವುದನ್ನು ಅಳತೆಯ ಗಲಿಬಿಲಿ ಎಂದು ಬಿಡಬೇಕು ಎಂಬುದನ್ನು ಒಂದೊಂದು ಕಂಪನಿಯ ವಾಚು ಒಂದೊಂದು ರೀತಿಯಲ್ಲಿ ತೀರ್ಮಾನಿಸುತ್ತದೆ. ಒಟ್ಟು ಏರಿಕೆಯನ್ನು ನಿಮ್ಮದೇ ಹಳೆಯ ಓಟಗಳೊಂದಿಗೆ ಹೋಲಿಸಿ, ಗೆಳೆಯನ ವಾಚಿನೊಂದಿಗೆ ಬೇಡ.

ತೋಟದ ದಾರಿ, ಪಾಲಿಬೆಟ್ಟ

ಸರ್ವೇಯರ್ ಸರ್ ಅಳತೆಯ ಬಗ್ಗೆ ಹೇಳಿದ ಮೇಲೆ ನಾನು ಅಲ್ಲಿಗೆ ಕೈ ಹಾಕುವುದಿಲ್ಲ. ಖರೀದಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನಿಮ್ಮ ವಾಚಿನಲ್ಲಿ ಬ್ಯಾರೊಮೀಟರ್ ಇದ್ದರೆ ಹೊಸದು ಬೇಡ. ಎರಡು ತರಂಗಾಂತರದ ವಾಚು ಹಳೆಯ ಎಲ್1 ಸಂಕೇತದ ಜೊತೆಗೆ 1176.45 ಮೆಗಾಹರ್ಟ್ಸ್‌ನ ಎಲ್5 ಸಂಕೇತವನ್ನೂ ಹಿಡಿಯುತ್ತದೆ. ಬಡಿದು ಬಂದ ಸಂಕೇತವನ್ನು ಗುರುತಿಸಿ ಕೈಬಿಡುವುದು ಇದರಿಂದ ಸುಲಭವಾಗುತ್ತದೆ, ಮರದಡಿಯ ನುಲಿತವೂ ಕಡಿಮೆಯಾಗುತ್ತದೆ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆದರೆ ನಿಮ್ಮ ನಿಜವಾದ ಪ್ರಶ್ನೆ ಏರಿನಲ್ಲಿ ಹೇಗೆ ಓಡಬೇಕೆಂಬುದು, ಅದಕ್ಕೆ ಎಷ್ಟು ದುಬಾರಿ ವಾಚು ಕೊಂಡರೂ ಉತ್ತರ ಸಿಗದು. ನಿಖರವಾಗಿ ಅಳೆದ ಪೇಸ್ ಕೂಡ ಏರಿನಲ್ಲಿ ದಾರಿ ತಪ್ಪಿಸುತ್ತದೆ.

ಇಟಲಿಯ ಸಂಶೋಧಕ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಗುಡ್ಡದ ಓಟದಲ್ಲಿ ಪಳಗಿದವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಬೇರೆ ಬೇರೆ ಏರು ಇಳಿಜಾರುಗಳಲ್ಲಿ ಖರ್ಚಾಗುವ ಶಕ್ತಿಯನ್ನು ಅಳೆದು 2002ರಲ್ಲಿ ಪ್ರಕಟಿಸಿದರು. ಅವರ ಸೂತ್ರದ ಪ್ರಕಾರ ಶೇಕಡ 5ರ ಏರಿನಲ್ಲಿ ಪ್ರತಿ ಮೀಟರಿಗೆ ಸಮತಟ್ಟಿನ ಸುಮಾರು 1.3 ಪಟ್ಟು, ಶೇಕಡ 10ರಲ್ಲಿ ಸುಮಾರು 1.66 ಪಟ್ಟು ಶಕ್ತಿ ಬೇಕು. ಇಳಿಯುವಾಗ ಶೇಕಡ 5ಕ್ಕೆ ಮುಕ್ಕಾಲು ಪಾಲು, ಶೇಕಡ 10ಕ್ಕೆ ಅರ್ಧಕ್ಕಿಂತ ತುಸು ಹೆಚ್ಚು ಸಾಕು. ಸಮತಟ್ಟಿನಲ್ಲಿ ಎರಡು ಗಂಟೆಯೆಂದರೆ ನಿಮ್ಮ ಪೇಸ್ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್. ಅದೇ ಶ್ರಮದಲ್ಲಿ ಶೇಕಡ 5ರ ಏರಿನಲ್ಲಿ 7:23 ಆಗುತ್ತದೆ, ಇಳಿಯುವಾಗ ಲೆಕ್ಕದ ಪ್ರಕಾರ 4:20.

ದಾರಿಯಲ್ಲಿ 8 ಕಿ.ಮೀ. ಇಂಥ ಏರು, 8 ಕಿ.ಮೀ. ಇಂಥ ಇಳಿಜಾರು, ಮಿಕ್ಕಿದ್ದು ಸಮತಟ್ಟು ಎಂದು ಭಾವಿಸಿದರೆ ಒಟ್ಟು 2 ಗಂಟೆ 3 ನಿಮಿಷದ ಹತ್ತಿರ ಬರುತ್ತದೆ. ಕಾಗದದ ಮೇಲೆ ಮೂರೇ ನಿಮಿಷದ ನಷ್ಟ. ಆದರೆ ನಮ್ಮ ಒಳರಸ್ತೆಗಳ ಇಳಿಜಾರಿನಲ್ಲಿ, ಜಲ್ಲಿ ಎದ್ದ ಡಾಂಬರಿನ ಮೇಲೆ, 4:20ರಲ್ಲಿ ಇಳಿಯುವವರು ಯಾರು? ಅದು 5:10 ಆದರೆ ಒಟ್ಟು 2 ಗಂಟೆ 9 ನಿಮಿಷ ದಾಟುತ್ತದೆ. ನಿಮ್ಮ ಗುರಿ 2:10ರ ಆಸುಪಾಸಿನಲ್ಲಿರಲಿ. ಏರಿನ ಬುಡದಲ್ಲಿ 5:41 ಹಿಡಿಯಲು ಹೊರಟರೆ ತುದಿ ತಲುಪುವಾಗ ಉಸಿರು ಗಂಟಲಿಗೆ ಬಂದಿರುತ್ತದೆ, ಇಳಿಜಾರಿನ ಲಾಭವೂ ಕೈತಪ್ಪುತ್ತದೆ.

ಗಾಳಿಬೀಡಿನವನು

ಇಷ್ಟೆಲ್ಲ ಗಣಿತ ಏಕೆ? ವಾಚನ್ನು ಬಿಚ್ಚಿ ಮನೆಯಲ್ಲಿಟ್ಟು ಓಡಲಿ. ನಮ್ಮ ಹಿರಿಯರು ಈ ಬೆಟ್ಟಗಳನ್ನು ಯಾವ ಉಪಗ್ರಹವನ್ನು ಕೇಳಿಕೊಂಡು ಹತ್ತಿದರು?

ತೋಟದ ದಾರಿ, ಪಾಲಿಬೆಟ್ಟ

ಅಣ್ಣಾ, ಹಿರಿಯರು 2:10ಕ್ಕೆ ಓಟ ಮುಗಿಸಬೇಕೆಂದು ಹತ್ತಿದವರಲ್ಲ. ಓಡುವಾಗ ವಾಚನ್ನು ಕಡಿಮೆ ನೋಡಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಮನೆಗೆ ಬಂದು ಯಾವ ಏರಿನಲ್ಲಿ ಎಷ್ಟು ಹೊತ್ತು ಹಿಡಿಯಿತೆಂದು ತಿಳಿಯಲು ಅದು ಬೇಕೇ ಬೇಕು. ಏರಿನ ಬುಡದಲ್ಲಿಯೂ ನೆತ್ತಿಯಲ್ಲಿಯೂ, ಓಟದ ಒಂದೊಂದು ತುಂಡಿನ ಲೆಕ್ಕವನ್ನು ಬೇರೆಯಾಗಿ ಇಡುವ ಲ್ಯಾಪ್ ಗುಂಡಿ ಒತ್ತಿಬಿಟ್ಟರೆ ಆಯಿತು. ಅದೇ ಏರನ್ನು ಮುಂದಿನ ವಾರ ಅದೇ ಶ್ರಮದಲ್ಲಿ ಹತ್ತಿದಾಗ ಸಮಯ ಇಳಿದಿದೆಯೇ ಎಂಬುದು ತಿಳಿಯುತ್ತದೆ. ಆ ಹೋಲಿಕೆಗೆ ದೂರದ ತಪ್ಪು ಅಡ್ಡಬರುವುದಿಲ್ಲ.

ಸುಂಟಿಕೊಪ್ಪದ ಓಟಗಾರ

ಸರ್ವೇಯರ್ ಸರ್ ಹೇಳಿದಂತೆ ತೆರೆದು ನೋಡಿದೆ, ನನ್ನ ವಾಚೇ ಬ್ಯಾಟರಿ ಉಳಿಸುವ ಕ್ರಮದಲ್ಲಿತ್ತು. ಬ್ಯಾರೊಮೀಟರ್ ಇದೆ, ಹಾಗಾಗಿ ಹೊಸದನ್ನು ಕೊಳ್ಳುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಶ್ರಮವನ್ನು ಅಳೆಯಲು ಹೃದಯ ಬಡಿತವನ್ನು ನೋಡಿಕೊಳ್ಳಬಹುದೇ? ಬೆಳಗಿನ ಚಳಿಯಲ್ಲಿ ಮೊದಲ ಹತ್ತು ನಿಮಿಷ ಅದು 170 ತೋರಿಸುತ್ತದೆ, ಆದರೆ ನಾನು ಆರಾಮವಾಗಿ ಮಾತನಾಡುತ್ತಾ ಓಡುತ್ತಿರುತ್ತೇನೆ.

ವ್ಯಾಯಾಮ ಶಿಕ್ಷಕ, ಸೋಮವಾರಪೇಟೆ

ಆ 170 ಬಹುಶಃ ನಿಮ್ಮ ಹೃದಯದ್ದಲ್ಲ, ಹೆಜ್ಜೆಯದು. ಮಣಿಕಟ್ಟಿನ ಸಂವೇದಕವು ಚರ್ಮದೊಳಗೆ ಹಸಿರು ಬೆಳಕು ಹಾಯಿಸಿ ರಕ್ತದ ಹರಿವಿನ ಏರಿಳಿತವನ್ನು ಗಮನಿಸುತ್ತದೆ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಸಂಕುಚಿಸಿ ಆ ಸುಳಿವು ಕ್ಷೀಣಿಸಿದಾಗ, ಕೈ ಅಲುಗಾಟದ ಲಯವನ್ನೇ ಅದು ನಾಡಿಬಡಿತವೆಂದು ಹಿಡಿದುಕೊಳ್ಳುತ್ತದೆ. ಓಟಗಾರರ ಹೆಜ್ಜೆ ನಿಮಿಷಕ್ಕೆ 160ರಿಂದ 180ರ ನಡುವೆ ಇರುವುದು ಸಾಮಾನ್ಯ. ವಾಚನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲಕ್ಕೆ ಬಿಗಿಯಾಗಿ ಕಟ್ಟಿಕೊಂಡು, ಮನೆಯೊಳಗೇ ಮೈ ಬೆಚ್ಚಗೆ ಮಾಡಿಕೊಂಡು ಹೊರಡಿ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಎದೆಗೆ ಕಟ್ಟುವ ಪಟ್ಟಿಯನ್ನು ಕೊಳ್ಳಿ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಇಂಥ ಗೊಂದಲ ಕಡಿಮೆ.

ಆದರೂ ಏರಿನಲ್ಲಿ ಬಡಿತದ ಅಂಕಿ ಶ್ರಮಕ್ಕಿಂತ ಅರ್ಧ ನಿಮಿಷವಾದರೂ ಹಿಂದೆ ಇರುತ್ತದೆ. ಚಿಕ್ಕ ಕಡಿದಾದ ಏರು ಮುಗಿದ ಮೇಲೆ ಅದು ಎಚ್ಚರಿಕೆ ಕೊಟ್ಟು ಪ್ರಯೋಜನವಿಲ್ಲ. ನಾನು ಮಕ್ಕಳಿಗೆ ಹೇಳಿಕೊಡುವುದು ಮಾತಿನ ಪರೀಕ್ಷೆ: ಏರುವಾಗ ನಾಲ್ಕೈದು ಪದಗಳ ಒಂದು ವಾಕ್ಯವನ್ನು ತಡೆಯದೆ ಹೇಳಲು ಬರಬೇಕು. ಬಾರದಿದ್ದರೆ ಹೆಜ್ಜೆಯನ್ನು ಗಿಡ್ಡ ಮಾಡಿ. ತೀರಾ ಕಡಿದಾದಲ್ಲಿ ನಡೆಯಿರಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ವಾಚಿನ ಮುಖಪುಟದಲ್ಲಿ ಕ್ಷಣದ ಪೇಸನ್ನು ತೆಗೆದುಹಾಕಿ, ಲ್ಯಾಪಿನ ಸರಾಸರಿ ಪೇಸ್, ಕಳೆದ ಸಮಯ, ಈಗಿನ ಎತ್ತರ ಈ ಮೂರನ್ನು ಇಟ್ಟುಕೊಳ್ಳಿ. ಏರಿನ ನೆತ್ತಿ ಎಷ್ಟು ಮೀಟರಿನಲ್ಲಿದೆಯೆಂದು ಮೊದಲೇ ತಿಳಿದಿದ್ದರೆ ಇನ್ನೆಷ್ಟು ಉಳಿದಿದೆಯೆಂಬ ಲೆಕ್ಕ ಮಂಜಿನಲ್ಲಿಯೂ ಸಿಗುತ್ತದೆ.

ಇಲ್ಲಿ ಯಾರೂ ಇಳಿಜಾರಿನ ಅಭ್ಯಾಸದ ಮಾತೆತ್ತಲಿಲ್ಲ. ಇಳಿಯುವಾಗ ಉಸಿರಿಗೆ ಸುಖ, ತೊಡೆಗೆ ಶಿಕ್ಷೆ. ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಬಿಗಿ ಹಿಡಿದು ಮೈಯ ಭಾರವನ್ನು ತಡೆಯಬೇಕಾಗುತ್ತದೆ. ಅದರ ನೋವು ಅಂದಿಗಿಂತ ಮರುದಿನ, ಮೂರನೆಯ ದಿನ ಹೆಚ್ಚು. ಒಮ್ಮೆ ಆ ನೋವನ್ನು ಉಂಡ ಸ್ನಾಯು ಮುಂದಿನ ಕೆಲವು ವಾರಗಳವರೆಗೆ ಅಂಥದೇ ಇಳಿಜಾರನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದ್ದರಿಂದ ಓಟಕ್ಕೆ ಮೂರು ವಾರ ಮುಂಚೆ ಉದ್ದನೆಯ ಇಳಿಜಾರೊಂದನ್ನು ಓಡಿ. ತಲಕಾವೇರಿಯಿಂದ ಭಾಗಮಂಡಲಕ್ಕೆ ಇಳಿಯುವ 8 ಕಿ.ಮೀ. ಇದಕ್ಕೆ ಹೇಳಿ ಮಾಡಿಸಿದಂಥದ್ದು, ಯಾತ್ರಿಕರ ವಾಹನಗಳು ಬರುವ ಮುನ್ನ ಬೆಳಗ್ಗೆ ಬೇಗನೆ ಹೋಗಬೇಕು. ಕೊನೆಯ ಹತ್ತು ದಿನಗಳಲ್ಲಿ ಅಂಥ ಇಳಿಜಾರು ಬೇಡ.

ಸುಂಟಿಕೊಪ್ಪದ ಓಟಗಾರ

ಮೇಷ್ಟ್ರೇ, ಭಾಗಮಂಡಲಕ್ಕೆ ಹೋದಾಗ ವಾಚಿಗೆ ಎತ್ತರ ಕೊಡುವುದಾದರೆ ಎಲ್ಲಿ ಕೊಡಲಿ?

ನಿವೃತ್ತ ಸರ್ವೇಯರ್, ಮಡಿಕೇರಿ

ಮೇಷ್ಟ್ರಿಗಿಂತ ಮೊದಲು ನಾನೇ ಹೇಳಿಬಿಡುತ್ತೇನೆ. ತಲಕಾವೇರಿಯ ಎತ್ತರ 1,276 ಮೀಟರ್ ಎಂದು ದಾಖಲಾಗಿದೆ, ದೇವಸ್ಥಾನದ ಹೊರಗೆ ನಿಂತು ಅದನ್ನೇ ಕೊಡಿ. ಅಲ್ಲಿ ಆಕಾಶವೂ ತೆರೆದಿರುವುದರಿಂದ ಉಪಗ್ರಹಗಳು ಸಿಕ್ಕವೆಂದು ವಾಚು ಹೇಳಿದ ಮೇಲೂ ಒಂದೆರಡು ನಿಮಿಷ ಕಾದು ಹೊರಡಿ. ಮರಗಳ ನಡುವೆ ಇಳಿದ ಮೇಲೆ ಹುಡುಕಲು ಬಿಟ್ಟರೆ ಮೊದಲ ಕಿಲೋಮೀಟರು ಅಡ್ಡಾದಿಡ್ಡಿಯಾಗುತ್ತದೆ.