ಅಮೆರಿಕದ ‘ಟ್ರಸ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

1900ರ ಆಸುಪಾಸಿನ ಅಮೆರಿಕದ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಮಾಡುತ್ತಿದ್ದೇನೆ. ‘ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಟ್ರಸ್ಟ್‌ಗಳನ್ನು ಒಡೆದರು’ ಅಂತ ಬರೆದರೆ ಮಕ್ಕಳು ಏನಂದುಕೊಳ್ಳಬಹುದು? ನಮ್ಮಲ್ಲಿ ಟ್ರಸ್ಟ್ ಅಂದರೆ ದೇವಸ್ಥಾನದ್ದು, ಶಾಲೆಯದ್ದು, ಉಚಿತ ಕಣ್ಣಿನ ತಪಾಸಣೆ ಮಾಡಿಸುವಂಥದ್ದು. ಅದನ್ನು ಒಡೆದವನು ಖಳನಾಯಕನೇ ಅಲ್ವಾ!

ಅಲ್ಲಿ ಟ್ರಸ್ಟ್ ಅಂದರೆ ಒಂದೇ ಯಜಮಾನಿಕೆಯಡಿ ಸೇರಿದ ಹಲವು ಕಂಪನಿಗಳ ಗುಂಪು. ಆ ಹೆಸರು ಸುಮ್ನೆ ಬಂದದ್ದಲ್ಲ. 1882ರಲ್ಲಿ ಎಣ್ಣೆ ಉದ್ಯಮಿ ರಾಕ್‌ಫೆಲ್ಲರ್ ಅವರ ಸ್ಟ್ಯಾಂಡರ್ಡ್ ಆಯಿಲ್ ಗುಂಪಿನ ಷೇರುದಾರರು ತಮ್ಮ ಷೇರುಗಳನ್ನು ಒಂಬತ್ತು ಟ್ರಸ್ಟಿಗಳ ಕೈಗೆ ಒಪ್ಪಿಸಿದರು. ಬದಲಿಗೆ ಲಾಭದ ಪಾಲು ತರುವ ಸರ್ಟಿಫಿಕೇಟ್ ಪಡೆದರು. ಕಾಗದದಲ್ಲಿ ಕಂಪನಿಗಳು ಬೇರೆ ಬೇರೆ, ಯಜಮಾನಿಕೆ ಒಂದೇ. 1892ರಲ್ಲಿ ಓಹಾಯೊ ರಾಜ್ಯದ ಸುಪ್ರೀಂ ಕೋರ್ಟ್ ಇದಕ್ಕೆ ಅಡ್ಡಗಾಲು ಹಾಕಿತು. 1899ರಲ್ಲಿ ನ್ಯೂಜೆರ್ಸಿಯ ಹೋಲ್ಡಿಂಗ್ ಕಂಪನಿಯೊಂದು ಎಲ್ಲದರ ಷೇರು ಹಿಡಿದು ಕೂತಿತು. ಟ್ರಸ್ಟ್ ಹೋಯಿತು, ಜನರ ಬಾಯಲ್ಲಿ ಹೆಸರು ಉಳಿಯಿತು. ಅಮೆರಿಕದ ಸುಪ್ರೀಂ ಕೋರ್ಟ್ 1904ರಲ್ಲಿ 5–4ರ ತೀರ್ಪಿನಲ್ಲಿ ಒಡೆದ ನಾರ್ದರ್ನ್ ಸೆಕ್ಯುರಿಟೀಸ್ ಎಂಬ ರೈಲ್ವೆ ಸಂಸ್ಥೆಯೂ ಹೋಲ್ಡಿಂಗ್ ಕಂಪನಿಯೇ. 1911ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ 34 ಚೂರಾಯಿತು. ಆಗ ಅಧ್ಯಕ್ಷರು ಟಾಫ್ಟ್. ಟ್ರಸ್ಟ್‌ಗಳ ಮೇಲೆ ರೂಸ್‌ವೆಲ್ಟ್‌ಗಿಂತ ಜಾಸ್ತಿ ಕೇಸು ಹಾಕಿಸಿದ್ದು ಇವರ ಸರ್ಕಾರ, ಹೆಸರು ಬಂದದ್ದು ಮಾತ್ರ ಅವರಿಗೆ!

ಈಗ ಪದದ ವಿಚಾರ. ‘ಏಕಸ್ವಾಮ್ಯ’ ನನಗೆ ಒಪ್ಪಿಗೆಯಿಲ್ಲ. ಅದು ಮಾರುಕಟ್ಟೆಯ ಸ್ಥಿತಿ, ಸಂಸ್ಥೆಯಲ್ಲ. ಅಲ್ಲದೆ ಒಳ್ಳೆಯ ಟ್ರಸ್ಟ್, ಕೆಟ್ಟ ಟ್ರಸ್ಟ್ ಎರಡೂ ಇವೆ ಅನ್ನುವುದು ರೂಸ್‌ವೆಲ್ಟ್ ವಾದ. ‘ಒಳ್ಳೆಯ ಏಕಸ್ವಾಮ್ಯ’ ಅಂದರೆ ಓದುಗ ಅಲ್ಲೇ ಎಡವುತ್ತಾನೆ. ‘ಒಕ್ಕೂಟ’ ಅಂದರೆ ಹಾಲಿನ ಡೇರಿ ನೆನಪಾಗುತ್ತದೆ. ಅದು ರೈತರೇ ಕಟ್ಟಿಕೊಂಡದ್ದು, ರಾಕ್‌ಫೆಲ್ಲರ್‌ಗೆ ಆ ಮರ್ಯಾದೆ ಬೇಡ. ‘ಕಂಪನಿಕೂಟ’ ನನಗೆ ಹಿಡಿಸಿದೆ. ಮೈತ್ರಿಕೂಟ ಓದಿ ಗೊತ್ತಿರುವವರಿಗೆ ಹಲವು ಸೇರಿ ಒಂದಾದ ಅರ್ಥ ತಾನೇ ಹೊಳೆಯುತ್ತದೆ. ಟ್ರಸ್ಟಿಗಳ ಕಥೆಯನ್ನು ಮೊದಲ ಸಲ ಪದ ಬಂದಲ್ಲಿ ಒಂದು ಸಾಲಿನಲ್ಲಿ ಹೇಳಿಬಿಡಬಹುದು.

ಇನ್ನೊಂದು ತೊಡಕು ಉಳಿದಿದೆ. ಈ ಟ್ರಸ್ಟ್‌ಗಳನ್ನು ಒಡೆಯಲು ಬಳಸಿದ 1890ರ ಷರ್ಮನ್ ಆಂಟಿಟ್ರಸ್ಟ್ ಕಾಯ್ದೆಗೆ ಏನನ್ನೋಣ? ನಮ್ಮ 2002ರ ಕಾನೂನನ್ನು ‘ಸ್ಪರ್ಧಾ ಕಾಯ್ದೆ’ ಅನ್ನುತ್ತೇವೆ. ಅದನ್ನೇ ಇಲ್ಲೂ ಹಾಕಿದರೆ ಕೂಟದ ನಂಟು ತಪ್ಪಿಹೋಗುತ್ತದೆ. ‘ಕಂಪನಿಕೂಟ ತಡೆ ಕಾಯ್ದೆ’ ನಡೆದೀತೇ? ಕಾಮರ್ಸ್ ಪಾಠ ಮಾಡುವವರು ತರಗತಿಯಲ್ಲಿ ಏನು ಬಳಸುತ್ತೀರಿ, ತಿಳಿಸಿ.